ಡಿವಿಡಿ, ಬ್ಲೂ-ರೇ, 4ಕೆ: ನಮ್ಮ ಮುಂಬೈ ಮನೆಗೆ ಯಾವುದು ಸರಿ?

ಮುಂಬೈಯ ಕನ್ನಡದ ಮನೆಗಳಲ್ಲಿ ಹಳೆಯ ಡಿಸ್ಕುಗಳು ಇನ್ನೂ ಇವೆ. ಊರಿಗೆ ಹೋದಾಗ ತಂದ ಯಕ್ಷಗಾನದ ವಿಸಿಡಿ, ಅಣ್ಣಾವ್ರ ಸಿನಿಮಾದ ಡಿವಿಡಿ, ಮಗಳ ಮದುವೆಯ ವಿಡಿಯೊ, ದುಬೈಯಿಂದ ಭಾವ ತಂದುಕೊಟ್ಟ ಒಂದೆರಡು ಬ್ಲೂ-ರೇ. ಹೊಸ ದೊಡ್ಡ ಟಿವಿ ಗೋಡೆ ಏರಿದ ದಿನ ತೊಂದರೆ ಶುರುವಾಗುತ್ತದೆ. ಹಳೆಯ ಪ್ಲೇಯರಿನ ಕೆಂಪು, ಬಿಳಿ, ಹಳದಿ ಪಿನ್ನುಗಳಿಗೆ ಎಷ್ಟೋ ಹೊಸ ಟಿವಿಗಳಲ್ಲಿ ಜಾಗವೇ ಇಲ್ಲ. ಸರಿ, ಹೊಸ ಪ್ಲೇಯರ್ ತರೋಣ ಅಂತ ಹೊರಟರೆ ಡಿವಿಡಿ, ಬ್ಲೂ-ರೇ, 4ಕೆ ಅಲ್ಟ್ರಾ ಎಚ್‌ಡಿ ಅಂತ ಮೂರು ಹೆಸರು ಎದುರಾಗುತ್ತವೆ. ಹಳೆ ಸಾಮಾನಿನ ಅಂಗಡಿಗೆ ಹೊಕ್ಕರೆ ಎಚ್‌ಡಿ ಡಿವಿಡಿ ಅನ್ನುವ ನಾಲ್ಕನೆಯದೂ ಕಣ್ಣಿಗೆ ಬೀಳಬಹುದು.

ಹೆಚ್ಚಿನವರು ಪ್ಲೇಯರಿನಿಂದ ಶುರು ಮಾಡುತ್ತಾರೆ. ಯಾವುದು ಹೊಸದು, ಯಾವುದಕ್ಕೆ ಆಫರ್ ಇದೆ ಎಂದು ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಿಸ್ಕಿನಿಂದ ಶುರು ಮಾಡಿ. ನಿಮ್ಮ ಹತ್ತಿರ ಏನೇನಿದೆ, ಅದು ಯಾವ ದೇಶದಿಂದ ಬಂದದ್ದು, ಟಿವಿಯಿಂದ ಎಷ್ಟು ದೂರ ಕೂರುತ್ತೀರಿ. ಈ ಮೂರು ಗೊತ್ತಾದರೆ ಯಾವ ಪ್ಲೇಯರ್ ಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಹೆಜ್ಜೆ 1: ಕಪಾಟು ಖಾಲಿ ಮಾಡಿ, ಡಿಸ್ಕು ಬೇರೆ ಬೇರೆ ಮಾಡಿ

ಎಲ್ಲವನ್ನೂ ಹೊರಗೆ ತೆಗೆದು ಹಾಲ್‌ನಲ್ಲಿ ಹರಡಿ. ಡಬ್ಬಿಯ ಬಣ್ಣವೇ ಅರ್ಧ ಕೆಲಸ ಮುಗಿಸುತ್ತದೆ. ಬ್ಲೂ-ರೇ ಸಾಮಾನ್ಯವಾಗಿ ನೀಲಿ ಡಬ್ಬಿಯಲ್ಲಿ ಬರುತ್ತದೆ. 4ಕೆ ಅಲ್ಟ್ರಾ ಎಚ್‌ಡಿ ಕಪ್ಪು ಡಬ್ಬಿಯಲ್ಲಿ. ಎಚ್‌ಡಿ ಡಿವಿಡಿ ಕೆಂಪು ಡಬ್ಬಿಯಲ್ಲಿ ಬರುತ್ತಿತ್ತು. ಡಬ್ಬಿ ಕಳೆದುಹೋಗಿ ಬರೀ ಡಿಸ್ಕು ಉಳಿದಿದ್ದರೆ ಅದನ್ನು ತಿರುಗಿಸಿ ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಕಾರ್ಖಾನೆಯಲ್ಲಿ ಅಚ್ಚಾದ ಡಿವಿಡಿ ಬೆಳ್ಳಿ ಬಣ್ಣಕ್ಕೆ ಹೊಳೆಯುತ್ತದೆ. ಕಂಪ್ಯೂಟರಿನಲ್ಲಿ ಬರೆದ ಡಿವಿಡಿ, ಅಂದರೆ ಸ್ಟುಡಿಯೋದವರು ಕೊಟ್ಟ ಮದುವೆಯ ಡಿಸ್ಕು, ನೇರಳೆ ಛಾಯೆಗೆ ಇರುತ್ತದೆ. ಈ ನೇರಳೆ ಡಿಸ್ಕುಗಳನ್ನು ಬೇರೆಯಾಗಿ ಇಡಿ. ಅವುಗಳ ಬಗ್ಗೆ ಕೊನೆಗೆ ಮಾತಾಡೋಣ, ಅದು ತುರ್ತಿನ ವಿಷಯ.

ಇನ್ನು ಫುಟ್‌ಪಾತಿನಲ್ಲಿ ಕೊಂಡ, ಲೇಬಲ್ ಮೇಲೆ 'ಬ್ಲೂ-ರೇ ಪ್ರಿಂಟ್' ಎಂದು ದೊಡ್ಡದಾಗಿ ಬರೆದಿರುವ ಡಿಸ್ಕು. ಅದು ಬ್ಲೂ-ರೇ ಅಲ್ಲ. ಒಂದೇ ಡಿವಿಡಿಯಲ್ಲಿ ಐದು ಸಿನಿಮಾ ಎಂದು ಮಾರುತ್ತಿದ್ದರಲ್ಲ, ಅದೂ ಇದೇ ಜಾತಿ. ಮಾಹಿತಿಗೆ ಎರಡು ಪದರ ಇರುವ ಡಿವಿಡಿಯಲ್ಲಿ ಹಿಡಿಸುವುದೇ 8.5 ಜಿಬಿ. ಅದನ್ನು ಐದಕ್ಕೆ ಹಂಚಿದರೆ ಒಂದು ಸಿನಿಮಾಕ್ಕೆ 1.7 ಜಿಬಿ. ಯಾವ ಪ್ಲೇಯರ್ ತಂದರೂ ಆ ಚಿತ್ರ ಚೆಂದ ಕಾಣುವುದಿಲ್ಲ. ಅದರ ಸಲುವಾಗಿ ದುಡ್ಡು ಹಾಕಬೇಡಿ.

ಈಗ ಒಂದೊಂದು ಗುಂಪಿನ ಲೆಕ್ಕ ನೋಡಿ. ವಿಸಿಡಿಯ ಚಿತ್ರ 352 ಅಡ್ಡ 288 ಚುಕ್ಕೆ, ಅಷ್ಟೇ. ಒಂದು ಡಿಸ್ಕಿಗೆ ಸುಮಾರು 74ರಿಂದ 80 ನಿಮಿಷ, ಹಾಗಾಗಿ ಸಿನಿಮಾ ಎರಡು ಮೂರು ಡಿಸ್ಕಿನಲ್ಲಿ ಬರುತ್ತಿತ್ತು. ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಅದರ ಡಿವಿಡಿ 720 ಅಡ್ಡ 576. ಬ್ಲೂ-ರೇ 1920 ಅಡ್ಡ 1080. 4ಕೆ ಅಲ್ಟ್ರಾ ಎಚ್‌ಡಿ 3840 ಅಡ್ಡ 2160. ಬ್ಲೂ-ರೇ ಡಿಸ್ಕಿನಲ್ಲಿ 25 ಅಥವಾ 50 ಜಿಬಿ ಹಿಡಿಸಿದರೆ, 4ಕೆ ಡಿಸ್ಕು ಮೂರು ಪದರದಲ್ಲಿ 100 ಜಿಬಿವರೆಗೆ ಹೋಗುತ್ತದೆ.

ಕಪಾಟಿನಲ್ಲಿ ವಿಸಿಡಿ ಮತ್ತು ಡಿವಿಡಿಯೇ ಜಾಸ್ತಿ ಇದ್ದರೆ ಆಶ್ಚರ್ಯವಿಲ್ಲ. ಕನ್ನಡದ ಮಟ್ಟಿಗೆ ಎಲ್ಲರ ಮನೆಯಲ್ಲೂ ಹಾಗೆಯೇ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಇಳಿಸಿತ್ತು. ಆಗ ಮನೆಮನೆಗೂ ಡಿಸ್ಕು ನುಗ್ಗಿತು. ಕನ್ನಡ ಸಿನಿಮಾಗಳು ಬ್ಲೂ-ರೇಯಲ್ಲಿ ಬಂದದ್ದು ತೀರಾ ಅಪರೂಪ. ಯಕ್ಷಗಾನವಂತೂ ವಿಸಿಡಿ, ಡಿವಿಡಿಯಲ್ಲೇ ಉಳಿಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಿಮ್ಮ ಹೊಸ ಪ್ಲೇಯರ್ 4ಕೆ ಓದಿದರೆ ಸಂತೋಷ, ಆದರೆ ಅದು ವಿಸಿಡಿ ಓದದಿದ್ದರೆ ನಿಮ್ಮ ಅರ್ಧ ಸಂಗ್ರಹಕ್ಕೆ ಬೀಗ ಬಿದ್ದ ಹಾಗೆ.

ಎಚ್‌ಡಿ ಡಿವಿಡಿ ಸಿಕ್ಕಿದರೆ?

2006ರಲ್ಲಿ ಎರಡು ಎಚ್‌ಡಿ ಡಿಸ್ಕುಗಳು ಒಟ್ಟಿಗೆ ಮಾರುಕಟ್ಟೆಗೆ ಬಂದವು. ತೊಷಿಬಾ ಮುಂದೆ ನಿಂತದ್ದು ಎಚ್‌ಡಿ ಡಿವಿಡಿ, ಸೋನಿ ಮತ್ತು ಜೊತೆಯವರದ್ದು ಬ್ಲೂ-ರೇ. ಎರಡೂ 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್ ಬಳಸುತ್ತಿದ್ದವು. ಎರಡರಲ್ಲೂ ಚಿತ್ರ 1080 ಗೆರೆಯದ್ದೇ. ಎಚ್‌ಡಿ ಡಿವಿಡಿಯನ್ನು ಅಚ್ಚು ಹಾಕುವುದು ಅಗ್ಗ, ಯಾಕೆಂದರೆ ಹಳೆಯ ಡಿವಿಡಿಯ ಹಾಗೆ ಅದರ ಮಾಹಿತಿಯ ಪದರ 0.6 ಮಿಲಿಮೀಟರ್ ಒಳಗೆ ಇರುತ್ತಿತ್ತು. ಬ್ಲೂ-ರೇಯ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗೆ. ಅದಕ್ಕೇ ಅದರಲ್ಲಿ ಜಾಸ್ತಿ ಹಿಡಿಸುತ್ತದೆ, ಎಚ್‌ಡಿ ಡಿವಿಡಿಯ 30 ಜಿಬಿಗೆ ಎದುರಾಗಿ 50 ಜಿಬಿ.

ಹೋರಾಟ ಹೆಚ್ಚು ದಿನ ನಡೆಯಲಿಲ್ಲ. ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 3ರ ಒಳಗೇ ಬ್ಲೂ-ರೇ ಇದ್ದದ್ದರಿಂದ ಆಟಕ್ಕೆಂದು ಕೊಂಡವರ ಮನೆಗೂ ಅದು ಹೊಕ್ಕಿತು. 2008ರ ಜನವರಿಯಲ್ಲಿ ವಾರ್ನರ್ ಸ್ಟುಡಿಯೋ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದಿತು. ಅದೇ ವರ್ಷದ ಫೆಬ್ರವರಿ 19ರಂದು ತೊಷಿಬಾ ಕೈಬಿಟ್ಟಿತು.

ಹಾಗಾಗಿ ಚೋರ್ ಬಜಾರಿನಲ್ಲೋ, ಅಮೆರಿಕದಿಂದ ವಾಪಸು ಬಂದವರ ಸಾಮಾನಿನಲ್ಲೋ ಕೆಂಪು ಡಬ್ಬಿ ಕಂಡರೆ ಅಗ್ಗ ಅಂತ ಎತ್ತಿಕೊಳ್ಳಬೇಡಿ. ಬ್ಲೂ-ರೇ ಪ್ಲೇಯರ್ ಅದನ್ನು ಓದುವುದಿಲ್ಲ. ಎರಡನ್ನೂ ಓದುವ ಯಂತ್ರಗಳನ್ನು ಎಲ್‌ಜಿ ಮತ್ತು ಸ್ಯಾಮ್‌ಸಂಗ್ ಆಗ ಸ್ವಲ್ಪ ಕಾಲ ಮಾಡಿದ್ದವು, ಈಗ ಅವುಗಳ ಬಿಡಿಭಾಗಕ್ಕೆ ಎಲ್ಲಿ ಹೋಗುತ್ತೀರಿ? ಈಗಾಗಲೇ ನಿಮ್ಮ ಹತ್ತಿರ ಇದ್ದರೆ ಡಿಸ್ಕಿನ ಎರಡೂ ಬದಿ ನೋಡಿ. ಕೆಲವು ಡಿಸ್ಕುಗಳ ಒಂದು ಬದಿ ಎಚ್‌ಡಿ ಡಿವಿಡಿ, ಇನ್ನೊಂದು ಬದಿ ಸಾದಾ ಡಿವಿಡಿ. ಆ ಸಾದಾ ಬದಿ ಇಂದಿಗೂ ಓಡುತ್ತದೆ.

ಹೆಜ್ಜೆ 2: ಸೋಫಾದಿಂದ ಟಿವಿಗೆ ಟೇಪು ಹಿಡಿಯಿರಿ

ಡೊಂಬಿವಲಿಯ ವನ್ ಬಿಎಚ್‌ಕೆ ಹಾಲ್‌ನಲ್ಲಿ ಸೋಫಾದಿಂದ ಟಿವಿಗೆ ಏಳೆಂಟು ಅಡಿ ಸಿಕ್ಕಿದರೆ ದೊಡ್ಡದು. ನಮ್ಮ ಮನೆಗಳು ಚಿಕ್ಕವು ಎಂಬುದು ಇಲ್ಲಿ ಲಾಭವೇ. ಹತ್ತಿರ ಕೂತಷ್ಟು ಒಳ್ಳೆಯ ಡಿಸ್ಕಿನ ಗುಣ ಚೆನ್ನಾಗಿ ಕಾಣುತ್ತದೆ.

ಲೆಕ್ಕ ಹೀಗಿದೆ. ಕಣ್ಣು ಸರಿಯಾಗಿರುವವರು ಒಂದು ಡಿಗ್ರಿಯ 60ರಲ್ಲಿ ಒಂದು ಭಾಗದಷ್ಟು ಸಣ್ಣ ಚುಕ್ಕೆಯನ್ನು ಬಿಡಿಸಿ ನೋಡಬಲ್ಲರು. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. ಅದರ ಮೇಲೆ ಬ್ಲೂ-ರೇಯ 1920 ಚುಕ್ಕೆ ಹರಡಿದರೆ ಸುಮಾರು 7 ಅಡಿಯ ಆಚೆಗೆ ಚುಕ್ಕೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಅಂದರೆ 55 ಇಂಚಿಗೆ 7 ಅಡಿ ಗಡಿ. ಅದಕ್ಕಿಂತ ಹತ್ತಿರ ಕೂತರೆ 4ಕೆಯ ಹೆಚ್ಚಿನ ಚುಕ್ಕೆಗಳು ಲೆಕ್ಕಕ್ಕೆ ಬರುತ್ತವೆ, ದೂರ ಕೂತರೆ ಇಲ್ಲ. 43 ಇಂಚಿಗೆ ಈ ಗಡಿ ಸುಮಾರು ಐದೂವರೆ ಅಡಿ, 65 ಇಂಚಿಗೆ ಎಂಟೂವರೆ ಅಡಿ. ಇದೇ ಲೆಕ್ಕ ಡಿವಿಡಿಗೆ ಹಾಕಿದರೆ 55 ಇಂಚಿನ ಟಿವಿಗೆ ಸುಮಾರು 19 ಅಡಿ ಬರುತ್ತದೆ. ಮುಂಬೈಯಲ್ಲಿ ಯಾರ ಹಾಲ್ ಅಷ್ಟು ಉದ್ದವಿದೆ? ಆದ್ದರಿಂದ ಡಿವಿಡಿಗೂ ಬ್ಲೂ-ರೇಗೂ ಇರುವ ವ್ಯತ್ಯಾಸ ನಮ್ಮ ಎಲ್ಲರ ಮನೆಯಲ್ಲೂ ಕಾಣುತ್ತದೆ. ಬ್ಲೂ-ರೇಗೂ 4ಕೆಗೂ ಇರುವ ವ್ಯತ್ಯಾಸ ಟಿವಿಯ ಗಾತ್ರ ಮತ್ತು ಸೋಫಾದ ಜಾಗದ ಮೇಲೆ ನಿಂತಿದೆ.

ಚುಕ್ಕೆಯೊಂದೇ ಅಲ್ಲ. 4ಕೆ ಡಿಸ್ಕಿನಲ್ಲಿ ಸಾಮಾನ್ಯವಾಗಿ ಎಚ್‌ಡಿಆರ್ ಇರುತ್ತದೆ, ಅಂದರೆ ಕತ್ತಲೆಗೂ ಬೆಳಕಿಗೂ ಇರುವ ಅಂತರವನ್ನು ಹೆಚ್ಚು ಚೆನ್ನಾಗಿ ತೋರಿಸುವ ಪದ್ಧತಿ. ಬ್ಲೂ-ರೇ 8 ಬಿಟ್‌ನಲ್ಲಿ ಬಣ್ಣ ಹಿಡಿದರೆ ಇದು 10 ಬಿಟ್‌ನಲ್ಲಿ ಹಿಡಿಯುತ್ತದೆ. ಆಕಾಶದ ಬಣ್ಣ ಮೆಲ್ಲಗೆ ಬದಲಾಗುವ ಕಡೆ ಪಟ್ಟಿ ಪಟ್ಟಿಯಾಗುವುದಿಲ್ಲ, ಕತ್ತಲೆಯ ದೃಶ್ಯದಲ್ಲಿ ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ದೂರ ಕೂತರೂ ಇದು ಕಾಣುತ್ತದೆ. ಆದರೆ ಟಿವಿಗೆ ಆ ಬೆಳಕು ಕೊಡುವ ಶಕ್ತಿ ಬೇಕು. ಹೆಚ್ಚಿನ ಎಚ್‌ಡಿಆರ್ ಸಿನಿಮಾಗಳನ್ನು 1000 ನಿಟ್ಸ್ ಅಥವಾ ಅದಕ್ಕೂ ಜಾಸ್ತಿ ಬೆಳಕಿಗೆ ಹೊಂದಿಸಿ ತಯಾರು ಮಾಡಿರುತ್ತಾರೆ. ಅಗ್ಗದ 4ಕೆ ಟಿವಿಗಳು ಅದರ ಹತ್ತಿರಕ್ಕೂ ಬರುವುದಿಲ್ಲ, ಅಂಥ ಟಿವಿಯಲ್ಲಿ ಎಚ್‌ಡಿಆರ್ ಡಿಸ್ಕು ಕೆಲವೊಮ್ಮೆ ಮಂಕಾಗಿಯೇ ಕಾಣುತ್ತದೆ. ನಿಮ್ಮ ಟಿವಿ ಅಂಥದ್ದಾದರೆ 4ಕೆ ಡಿಸ್ಕಿಗೆ ಹಾಕುವ ದುಡ್ಡು ಸುಮ್ನೆ ಹೋಗುತ್ತದೆ.

'ಓಟಿಟಿಯಲ್ಲೇ 4ಕೆ ಬರುತ್ತಲ್ವಾ?' ಎಂದು ಕೇಳಬಹುದು. ಬರುತ್ತದೆ. ನೆಟ್‌ಫ್ಲಿಕ್ಸ್ 4ಕೆಗೆ ಸೆಕೆಂಡಿಗೆ 15 ಮೆಗಾಬಿಟ್ ಇಂಟರ್ನೆಟ್ ಸಾಕು ಎನ್ನುತ್ತದೆ. 100 ಜಿಬಿಯ 4ಕೆ ಡಿಸ್ಕಿನಿಂದ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಮಾಹಿತಿ ಬರಬಹುದು. ಮಳೆ, ಹೊಗೆ, ನೀರಿನ ಅಲೆ ಇರುವ ದೃಶ್ಯದಲ್ಲಿ ಈ ಅಂತರ ಎದ್ದು ಕಾಣುತ್ತದೆ.

ಹೆಜ್ಜೆ 3: ಯಾವ ದೇಶದ ಡಿಸ್ಕು ಎಂದು ನೋಡಿ

ನಮ್ಮವರಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲಿಯೇ. ಮುಂಬೈ, ಗೋವಾದ ಮನೆಗಳಲ್ಲಿ ಕೊಲ್ಲಿ ದೇಶದಲ್ಲೊಬ್ಬರು, ಅಮೆರಿಕದಲ್ಲೊಬ್ಬರು ಇರುತ್ತಾರೆ. ಬರುವಾಗ ಪ್ರೀತಿಯಿಂದ ಡಿಸ್ಕು ತರುತ್ತಾರೆ. ಹಾಕಿದರೆ ಪರದೆ ಮೇಲೆ 'ಈ ಡಿಸ್ಕು ನಿಮ್ಮ ಪ್ರದೇಶಕ್ಕಲ್ಲ' ಎಂಬ ಅರ್ಥದ ಸಂದೇಶ. ಪ್ಲೇಯರ್ ಹಾಳಾಗಿದೆ ಅಂದುಕೊಂಡು ರಿಪೇರಿಗೆ ಒಯ್ಯುತ್ತಾರೆ. ಯಂತ್ರದ ತಪ್ಪೇನಿಲ್ಲ, ಅದು ರೀಜನ್ ಬೀಗ. ಒಂದು ಪ್ರದೇಶದ ಡಿಸ್ಕು ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ಹಾಕಿದ್ದು.

ಡಿವಿಡಿಯಲ್ಲಿ ಭಾರತದ ರೀಜನ್ 5. ಅಮೆರಿಕ 1. ಯುರೋಪ್, ಕೊಲ್ಲಿ ದೇಶಗಳು, ಜಪಾನ್ 2. ಸಿಂಗಾಪುರ ಕಡೆ 3. ಆಸ್ಟ್ರೇಲಿಯಾ 4. ಡಬ್ಬಿಯ ಹಿಂದೆ ಭೂಗೋಳದ ಚಿತ್ರದೊಳಗೆ ಈ ಅಂಕಿ ಇರುತ್ತದೆ. ಭಾರತದ ಸಿನಿಮಾ ಡಿವಿಡಿಗಳು ಬಹುಪಾಲು ಎಲ್ಲ ರೀಜನ್‌ಗೂ ಓಡುವಂಥವು, ಆದ್ದರಿಂದ ಕನ್ನಡ ಡಿವಿಡಿಗೆ ಈ ತಲೆನೋವು ಕಡಿಮೆ.

ಬ್ಲೂ-ರೇಯಲ್ಲಿ ಅಂಕಿ ಇಲ್ಲ, ಅಕ್ಷರ. ಅಮೆರಿಕ, ಜಪಾನ್, ಕೊರಿಯಾ, ಸಿಂಗಾಪುರ ಎಲ್ಲ ಎ. ಯುರೋಪ್, ಕೊಲ್ಲಿ ದೇಶಗಳು, ಆಫ್ರಿಕಾ, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಇಲ್ಲೊಂದು ವಿಚಿತ್ರ ಇದೆ. ಡಿವಿಡಿಯಲ್ಲಿ ಜಪಾನ್ ಮತ್ತು ದುಬೈ ಒಂದೇ ರೀಜನ್, ಬ್ಲೂ-ರೇಯಲ್ಲಿ ಬೇರೆ ಬೇರೆ. ಡಿವಿಡಿ ಓಡಿತು ಅಂತ ಅದೇ ಊರಿನ ಬ್ಲೂ-ರೇಯೂ ಓಡುತ್ತದೆ ಎಂದುಕೊಳ್ಳಬೇಡಿ. ಡಬ್ಬಿಯ ಹಿಂದೆ ಆರು ಮೂಲೆಯ ಚಿಹ್ನೆಯಲ್ಲಿ ಅಕ್ಷರ ನೋಡಿ. ಎ, ಬಿ, ಸಿ ಮೂರೂ ಇದ್ದರೆ ಚಿಂತೆಯಿಲ್ಲ, ಅಂಥ ಡಿಸ್ಕುಗಳೂ ಬೇಕಾದಷ್ಟಿವೆ.

4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ರೀಜನ್ ಬೀಗ ಇಲ್ಲ. ಅಮೆರಿಕದಿಂದ ತಂದದ್ದು ಮುಂಬೈಯಲ್ಲಿ ಕೊಂಡ 4ಕೆ ಪ್ಲೇಯರಿನಲ್ಲಿ ನೇರ ಓಡುತ್ತದೆ. ನನ್ನ ಕೇಳಿದರೆ, ಹೊರದೇಶದಲ್ಲಿ ನೆಂಟರಿರುವ ಮನೆಯವರು 4ಕೆ ಪ್ಲೇಯರ್ ಕೊಳ್ಳಲು ಇದೇ ದೊಡ್ಡ ಕಾರಣ, ಚುಕ್ಕೆಗಳ ಲೆಕ್ಕ ಆಮೇಲಿನದು. ಒಂದು ಮಾತ್ರ ಗಮನಿಸಿ. 4ಕೆ ಡಬ್ಬಿಯೊಳಗೆ ಜೊತೆಗೆ ಒಂದು ಸಾದಾ ಬ್ಲೂ-ರೇಯನ್ನೂ ಇಡುವುದುಂಟು. ಆ ಸಾದಾ ಡಿಸ್ಕಿಗೆ ಬೀಗ ಇರಬಹುದು. ಹೆಚ್ಚುವರಿ ಸಂದರ್ಶನ, ತೆರೆಮರೆಯ ದೃಶ್ಯ ಎಲ್ಲ ಎಷ್ಟೋ ಸಲ ಅದರಲ್ಲೇ ಇರುತ್ತವೆ.

ಪ್ಲೇಯರನ್ನೇ ಹೊರಗಿನಿಂದ ತರಿಸುವ ಯೋಚನೆ ಇದ್ದರೆ ಅದರ ಹಿಂದಿನ ಚೀಟಿಯ ಫೋಟೊ ಮೊದಲು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. '100-240 ವೋಲ್ಟ್' ಎಂದಿದ್ದರೆ ಸರಿ. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟ್‌ಗೆ ಸುಟ್ಟು ಹೋಗುತ್ತದೆ. ಅಮೆರಿಕದ ಪ್ಲೇಯರ್ ಬ್ಲೂ-ರೇಗೆ ಎ, ಡಿವಿಡಿಗೆ 1 ಆಗಿರುತ್ತದೆ ಎಂಬುದೂ ನೆನಪಿರಲಿ. ಅಲ್ಲಿಯ ಕೆಲವು ಯಂತ್ರಗಳು ಪಾಲ್ ಡಿಸ್ಕನ್ನೂ ತೋರಿಸುವುದಿಲ್ಲ. ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ ಐದೇ ಸಲ. ಐದನೆಯ ಸಲ ಎಲ್ಲಿಗೆ ಬದಲಿಸಿದಿರೋ ಅಲ್ಲಿಯೇ ಶಾಶ್ವತ.

ಹೆಜ್ಜೆ 4: ಈಗ ಪ್ಲೇಯರ್ ಆರಿಸಿ

ಬರೀ ಯಕ್ಷಗಾನದ ವಿಸಿಡಿ, ಕನ್ನಡ ಡಿವಿಡಿ ಮಾತ್ರ ಇದ್ದರೆ, ಹೊಸ ಡಿಸ್ಕು ಕೊಳ್ಳುವ ಆಸೆಯೂ ಇಲ್ಲದಿದ್ದರೆ ಹೊಸ ಟಿವಿಗೆ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿ ಇರುವ ಸಾದಾ ಡಿವಿಡಿ ಪ್ಲೇಯರ್ ಸಾಕು. ಅದಕ್ಕಿಂತ ಮೇಲೆ ಹೋಗುವ ಅಗತ್ಯವಿಲ್ಲ ಮಾರಾಯ್ರೆ. ಡಿವಿಡಿ ಪ್ಲೇಯರುಗಳು ಸಾಮಾನ್ಯವಾಗಿ ವಿಸಿಡಿಯನ್ನೂ ಓದುತ್ತವೆ.

50 ಇಂಚಿಗಿಂತ ದೊಡ್ಡ ಟಿವಿ ಇದ್ದು, ವರ್ಷಕ್ಕೆ ನಾಲ್ಕೈದು ಒಳ್ಳೆಯ ಡಿಸ್ಕಾದರೂ ಕೊಳ್ಳುವವರಾದರೆ ನೇರ 4ಕೆ ಪ್ಲೇಯರಿಗೆ ಹೋಗಿ. ಅದು 4ಕೆ, ಬ್ಲೂ-ರೇ, ಡಿವಿಡಿ ಮೂರನ್ನೂ ಓದುತ್ತದೆ. ಸಾದಾ ಬ್ಲೂ-ರೇ ಪ್ಲೇಯರ್ 4ಕೆ ಡಿಸ್ಕನ್ನು ಓದುವುದಿಲ್ಲ, ಇದನ್ನು ಅಂಗಡಿಯವರು ಎಲ್ಲ ಸಲವೂ ಹೇಳುವುದಿಲ್ಲ. 'ಇದರಲ್ಲಿ 4ಕೆ ಇದೆ' ಎಂದು ಅವರು ತೋರಿಸುವುದು ಎಷ್ಟೋ ಸಲ 4ಕೆ ಅಪ್‌ಸ್ಕೇಲಿಂಗ್. ಅಂದರೆ ಕಡಿಮೆ ಚುಕ್ಕೆಯ ಚಿತ್ರವನ್ನು ಹಿಗ್ಗಿಸಿ ತೋರಿಸುವುದು. ಡಬ್ಬಿಯ ಮೇಲೆ 'ಅಲ್ಟ್ರಾ ಎಚ್‌ಡಿ ಬ್ಲೂ-ರೇ' ಎಂಬ ಚಿಹ್ನೆ ಇದೆಯಾ ಎಂದು ನೀವೇ ನೋಡಿ.

ಮನೆಯಲ್ಲಿ ಆಟ ಆಡುವ ಮಕ್ಕಳಿದ್ದರೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 4ಕೆ ಡಿಸ್ಕನ್ನೂ ಓದುತ್ತದೆ. ಒಂದೇ ಖರ್ಚಿನಲ್ಲಿ ಎರಡು ಕೆಲಸ. ಆದರೆ ಪ್ಲೇಸ್ಟೇಷನ್ 5 ಸಿಡಿ ಓದುವುದಿಲ್ಲ, ವಿಸಿಡಿಯನ್ನೂ ಓದುವುದಿಲ್ಲ. 3ಡಿ ಬ್ಲೂ-ರೇಯೂ ಅದರಲ್ಲಿ ಆಗದು. ಹಳೆಯ ಪ್ಲೇಸ್ಟೇಷನ್ 4 ಪ್ರೋ ಹೆಸರಿಗೆ 4ಕೆ, ಆದರೆ ಅದರ ಡ್ರೈವ್ ಸಾದಾ ಬ್ಲೂ-ರೇಯದ್ದು. ಅಜ್ಜನ ಯಕ್ಷಗಾನದ ವಿಸಿಡಿ ಇರುವ ಮನೆಯಲ್ಲಿ ಕನ್ಸೋಲ್ ಬಂತು ಅಂತ ಹಳೆಯ ಪ್ಲೇಯರನ್ನು ಭಂಗಾರಿಯವನಿಗೆ ಕೊಡಬೇಡಿ.

ಯೋಚನೆಗೆ ತುಂಬಾ ಕಾಲ ತೆಗೆದುಕೊಳ್ಳಬೇಡಿ ಎಂದೂ ಹೇಳುತ್ತೇನೆ. ಒಪ್ಪೊ 2018ರಲ್ಲಿ ಪ್ಲೇಯರ್ ಮಾಡುವುದನ್ನು ಬಿಟ್ಟಿತು. 2019ರಲ್ಲಿ ಸ್ಯಾಮ್‌ಸಂಗ್, 2024ರಲ್ಲಿ ಎಲ್‌ಜಿ ಹಿಂದೆ ಸರಿದವು. ದೊಡ್ಡ ಹೆಸರುಗಳಲ್ಲಿ ಸೋನಿ, ಪ್ಯಾನಸಾನಿಕ್ ಉಳಿದಿವೆ. ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು, ಡಿಸ್ಕುಗಳನ್ನು ಕೈಯಲ್ಲಿ ಹಿಡಿದು ಆರಿಸುವ ಅಂಥ ಜಾಗ ಈ ಊರಿನಲ್ಲಿ ಮತ್ತೆ ಬಂದಿಲ್ಲ. ಪ್ಲೇಯರ್ ಸಿಗುವಾಗಲೇ ಒಂದು ಒಳ್ಳೆಯದನ್ನು ಕೊಂಡು ಚೆನ್ನಾಗಿ ಇಟ್ಟುಕೊಳ್ಳುವುದು ಜಾಣತನ.

ಹೆಜ್ಜೆ 5: ಅಂಗಡಿಗೆ ನಿಮ್ಮ ಡಿಸ್ಕನ್ನೇ ಒಯ್ಯಿರಿ

ಮುಂಬೈಯಲ್ಲಿ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಟೆಯ ತಪಕೀರ್ ಗಲ್ಲಿ. ಈ ಬೀದಿಗಳಲ್ಲಿ ಹೊಸದೂ ಹಳೆಯದೂ ನೋಡಲು ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಆನ್‌ಲೈನ್‌ಗಿಂತ ಇಲ್ಲಿ ಒಂದು ಅನುಕೂಲ ಇದೆ. ಎದುರಿಗೇ ಓಡಿಸಿ ನೋಡಬಹುದು.

ಹೋಗುವಾಗ ಚೀಲದಲ್ಲಿ ಮನೆಯ ಡಿಸ್ಕುಗಳೇ ಇರಲಿ: ಒಂದು ವಿಸಿಡಿ, ಒಂದು ಅಚ್ಚಿನ ಡಿವಿಡಿ, ಒಂದು ಮದುವೆಯ ನೇರಳೆ ಡಿಸ್ಕು, ಒಂದು ಬ್ಲೂ-ರೇ, ಇದ್ದರೆ ಒಂದು 4ಕೆ. ಯಾಕೆಂದರೆ ಪ್ಲೇಯರಿನ ಒಳಗೆ ಇರುವುದು ಒಂದೇ ಲೇಸರ್ ಅಲ್ಲ. ಸಿಡಿ, ವಿಸಿಡಿಗೆ 780 ನ್ಯಾನೋಮೀಟರಿನದು, ಡಿವಿಡಿಗೆ 650ರದು, ಬ್ಲೂ-ರೇ ಮತ್ತು 4ಕೆಗೆ 405ರದು. ಹಳೆಯ ಯಂತ್ರದಲ್ಲಿ ಒಂದು ಲೇಸರ್ ಸೋತು ಉಳಿದವು ಗಟ್ಟಿಯಾಗಿರಬಹುದು. ಅಂಗಡಿಯವರು ಡಿವಿಡಿ ಹಾಕಿ 'ದೇಖೋ, ಮಸ್ತ್ ಚಲ್ ರಹಾ ಹೈ' ಎಂದರೆ ಅದು ಡಿವಿಡಿಗೆ ಮಾತ್ರ ಸಾಕ್ಷಿ. ಬ್ಲೂ-ರೇ ಹಾಕಿ ನೋಡಿ. ಟ್ರೇ ಒಳಗೆ ಹೋದ ಮೇಲೆ ಮೆನು ಬರುವತನಕ ಕಿವಿಗೊಡಿ. ಡಿಸ್ಕು ತಿರುಗಿ ನಿಂತು, ಮತ್ತೆ ತಿರುಗಿ ನಿಂತು ಮಾಡಿದರೆ ಲೇಸರ್ ಹುಡುಕಾಡುತ್ತಿದೆ ಎಂದರ್ಥ. ಒಳ್ಳೆಯ ಪ್ಲೇಯರ್ ಒಂದೇ ಓಟದಲ್ಲಿ ಹಿಡಿಯುತ್ತದೆ.

ಮೊದಲ ಐದು ನಿಮಿಷ ನೋಡಿ ಒಪ್ಪಿಕೊಳ್ಳಬೇಡಿ. ಡಿಸ್ಕನ್ನು ಪ್ಲೇಯರ್ ಒಳಗಿನಿಂದ ಹೊರಗೆ ಓದುತ್ತದೆ. ಬೆರಳಿನ ಗುರುತು, ಗೀರು ಜಾಸ್ತಿ ಇರುವುದು ಹೊರ ಅಂಚಿನಲ್ಲಿ. ಆದ್ದರಿಂದಲೇ ಒಂದು ಪದರದ ಡಿಸ್ಕು ಕ್ಲೈಮ್ಯಾಕ್ಸಿಗೆ ಬಂದು ನಿಲ್ಲುತ್ತದೆ. ಎರಡು ಪದರದ ಸಿನಿಮಾ ಡಿವಿಡಿಯಲ್ಲಿ ಲೇಸರ್ ಹೊರ ಅಂಚಿಗೆ ಹೋಗಿ, ಪದರ ಬದಲಿಸಿ, ಒಳಗೆ ವಾಪಸು ಬರುತ್ತದೆ. ಅಂಥದ್ದು ಇಂಟರ್ವಲ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಾಗಿ ಪರೀಕ್ಷೆಗೆ ಮಧ್ಯದ ಅಧ್ಯಾಯಕ್ಕೂ ಹಾರಿ, ಕೊನೆಯದಕ್ಕೂ ಹಾರಿ. ಮೂರು ಪದರದ 4ಕೆ ಡಿಸ್ಕು ಇದ್ದರೆ ಇದು ಇನ್ನೂ ಮುಖ್ಯ.

ಕೊನೆಗೆ ಪ್ಲೇಯರಿನ ಸಾಫ್ಟ್‌ವೇರ್ ಅಪ್‌ಡೇಟ್ ಸಿಗುತ್ತದೆಯಾ ಎಂದು ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ. ಬ್ಲೂ-ರೇ ಮತ್ತು 4ಕೆ ಡಿಸ್ಕಿನಲ್ಲಿ ಕಳ್ಳ ಕಾಪಿ ತಡೆಯಲು ಹಾಕುವ ಸಾಫ್ಟ್‌ವೇರ್ ಕೀಲಿ ಕಾಲಕಾಲಕ್ಕೆ ಬದಲಾಗುತ್ತದೆ. ಅಪ್‌ಡೇಟ್ ಆಗದ ಹಳೆ ಪ್ಲೇಯರಿಗೆ ಹೊಸ ಡಿಸ್ಕು ತೆರೆಯದಿರಬಹುದು.

ಹೆಜ್ಜೆ 6: ಮನೆಗೆ ತಂದ ಮೇಲೆ

4ಕೆ ಪ್ಲೇಯರಿಗೆ 'ಪ್ರೀಮಿಯಂ ಹೈ ಸ್ಪೀಡ್' ಎಂದು ಬರೆದ ಎಚ್‌ಡಿಎಂಐ ಕೇಬಲ್ ಬೇಕು, ಅದು ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಸಾಗಿಸುತ್ತದೆ. ಟಿವಿಯ ಎಲ್ಲ ಎಚ್‌ಡಿಎಂಐ ಕಿಂಡಿಗಳೂ ಒಂದೇ ತರಹ ಇರುವುದಿಲ್ಲ. ಪೂರ್ತಿ 4ಕೆ ಒಪ್ಪುವ ಕಿಂಡಿಗೆ ಸಿಕ್ಕಿಸಿ. ಆಮೇಲೆ ಟಿವಿಯ ಸೆಟ್ಟಿಂಗ್‌ಗೆ ಹೋಗಿ ಆ ಕಿಂಡಿಗೆ 'ಎನ್‌ಹಾನ್ಸ್ಡ್' ಅಥವಾ 'ಯುಎಚ್‌ಡಿ ಕಲರ್' ಆನ್ ಮಾಡಿ. ಹೆಸರು ಕಂಪನಿಗೊಂದು ತರಹ. ಇದು ಆಫ್ ಇದ್ದರೆ ಎಚ್‌ಡಿಆರ್ ಬರುವುದೇ ಇಲ್ಲ, ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ.

ಸೌಂಡ್‌ಬಾರ್ ಇದ್ದು ಅದಕ್ಕೆ ಎಚ್‌ಡಿಎಂಐ ಇನ್‌ಪುಟ್ ಇದ್ದರೆ ಪ್ಲೇಯರನ್ನು ಮೊದಲು ಅದಕ್ಕೆ ಹಾಕಿ, ಅಲ್ಲಿಂದ ಟಿವಿಗೆ. ಸೌಂಡ್‌ಬಾರ್ 4ಕೆ ಎಚ್‌ಡಿಆರ್ ದಾಟಿಸುವಂಥದ್ದಾಗಿರಬೇಕು. ಟಿವಿಯಿಂದ ಸೌಂಡ್‌ಬಾರಿಗೆ ಧ್ವನಿ ಕಳಿಸುವ ಎಆರ್‌ಸಿ ದಾರಿಯಲ್ಲಿ ಡಾಲ್ಬಿ ಟ್ರೂಎಚ್‌ಡಿಯಂಥ ಪೂರ್ತಿ ಗುಣದ ಧ್ವನಿ ಹೋಗುವುದಿಲ್ಲ. ಅದಕ್ಕೆ ಇಎಆರ್‌ಸಿ ಎಂಬ ಅದರ ಹೊಸ ರೂಪ ಬೇಕು.

ಹಳೆಯ ಭಾರತೀಯ ಡಿವಿಡಿ ಹಾಕಿದಾಗ ನಾಲ್ಕೂ ಕಡೆ ಕಪ್ಪು ಬಂದು ನಡುವೆ ಚಿಕ್ಕ ಚಿತ್ರ ಕಂಡರೆ ಗಾಬರಿ ಬೇಡ. ಸಿನಿಮಾಸ್ಕೋಪ್ ಚಿತ್ರವನ್ನು ಹಳೆಯ ಚೌಕ ಟಿವಿಯ ಅಳತೆಗೆ, ಮೇಲೆ ಕೆಳಗೆ ಕಪ್ಪು ಪಟ್ಟಿಯ ಸಮೇತ ಡಿಸ್ಕಿಗೆ ಹಾಕಿದ್ದಾರೆ. 576 ಗೆರೆಗಳಲ್ಲಿ ಚಿತ್ರಕ್ಕೆ ಸಿಕ್ಕಿದ್ದು ಸುಮಾರು 327 ಮಾತ್ರ, ಉಳಿದದ್ದೆಲ್ಲ ಕಪ್ಪು. ರಿಮೋಟಿನ ಜೂಮ್ ಒತ್ತಿದರೆ ಪರದೆಯ ಅಗಲ ತುಂಬುತ್ತದೆ. ಸ್ವಲ್ಪ ಮಸುಕಾಗುತ್ತದೆ, ಆದರೂ ನೋಡುವಂತಿರುತ್ತದೆ. ಹೊಸದಾಗಿ ಡಿವಿಡಿ ಕೊಳ್ಳುವಾಗ ಡಬ್ಬಿಯ ಹಿಂದೆ '16:9' ಅಥವಾ 'ಅನಾಮಾರ್ಫಿಕ್' ಎಂದಿರುವುದನ್ನೇ ಹುಡುಕಿ. ಅದರಲ್ಲಿ ಅದೇ ಸಿನಿಮಾಕ್ಕೆ ಸುಮಾರು 436 ಗೆರೆ ಸಿಗುತ್ತದೆ.

ಹೆಜ್ಜೆ 7: ಹೊಸ ಡಿಸ್ಕು ಕೊಳ್ಳುವ ಮುಂಚೆ

ಡಿಸ್ಕಿನ ಮೇಲೆ 4ಕೆ ಎಂದು ಬರೆದ ಮಾತ್ರಕ್ಕೆ ಒಳಗಿನ ಚಿತ್ರ ಅಷ್ಟು ಒಳ್ಳೆಯದು ಎಂದಲ್ಲ. 2000ದ ನಂತರದ ಎಷ್ಟೋ ಸಿನಿಮಾಗಳನ್ನು 2ಕೆಯಲ್ಲೇ, ಅಂದರೆ ಹೆಚ್ಚುಕಡಿಮೆ ಬ್ಲೂ-ರೇಯಷ್ಟೇ ಚುಕ್ಕೆಯಲ್ಲಿ ಮುಗಿಸಿದ್ದಾರೆ, 4ಕೆ ಡಿಸ್ಕಿಗಾಗಿ ಅದನ್ನು ಹಿಗ್ಗಿಸಿದ್ದಾರೆ. ಅದಕ್ಕೆ ಎದುರಾಗಿ 35 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದ ಹಳೆಯ ಸಿನಿಮಾದ ನೆಗೆಟಿವ್ ಚೆನ್ನಾಗಿ ಉಳಿದಿದ್ದರೆ ಅದರಲ್ಲಿ ನಿಜವಾದ ವಿವರ ತುಂಬಿರುತ್ತದೆ. ಹಳೆಯದೆಂದು ತಳ್ಳಿಹಾಕಬೇಡಿ. ಮೂಲ ನೆಗೆಟಿವ್‌ನಿಂದ ಮಾಡಿದ ಹೊಸ ಸ್ಕ್ಯಾನ್ ಹೌದೋ ಅಲ್ಲವೋ ಎಂಬುದನ್ನು ಡಬ್ಬಿಯ ಹಿಂದೆ ಓದಿ.

ಇದರ ಬೆಲೆ ಕನ್ನಡದವರಿಗೆ ಗೊತ್ತಾಗಬೇಕು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಶುರುವಾಯಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲೇ ಕಲಿತ ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ನೆಗೆಟಿವ್ ಅಲ್ಲಿ ಉಳಿದಿತ್ತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಜೊತೆಯವರು ಅದನ್ನು ಪುನಃಸ್ಥಾಪಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹೀಗೆ ಉಳಿಸಿದ ಕನ್ನಡ ಸಿನಿಮಾಗಳು ಒಳ್ಳೆಯ ಡಿಸ್ಕಿನಲ್ಲಿ ಬರಬೇಕು ಎಂದು ನನಗೆ ತುಂಬಾ ಆಸೆ. ಅಂಥದ್ದೊಂದು ಬಂದರೆ ಮೊದಲ ವಾರವೇ ದುಡ್ಡು ಕೊಟ್ಟು ಕೊಳ್ಳಿ. ಕೊಳ್ಳುವವರಿದ್ದಾರೆ ಎಂದು ಗೊತ್ತಾದರೆ ತಾನೇ ಮುಂದಿನದು ಬರುವುದು?

ಹೆಜ್ಜೆ 8: ಮಳೆಗಾಲ ಮತ್ತು ನೇರಳೆ ಡಿಸ್ಕುಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ, ಗೋವಾದ ಗಾಳಿಯಲ್ಲಿ ಬೂಸ್ಟು ಬರದ ವಸ್ತುವೇ ಇಲ್ಲ. ಡಿಸ್ಕುಗಳನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಡಬ್ಬಿಯಲ್ಲೇ, ನೆಟ್ಟಗೆ ನಿಲ್ಲಿಸಿ ಇಡಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬೂಸ್ಟು ಹಿಡಿದರೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಿದರೆ ಗೀರು ಓದುವ ದಾರಿಯ ಉದ್ದಕ್ಕೂ ಬೀಳುತ್ತದೆ, ಅದನ್ನು ಪ್ಲೇಯರ್ ಸರಿಪಡಿಸಿಕೊಳ್ಳಲಾರದು.

ವಿಸಿಡಿಯಲ್ಲಿ ಮಾಹಿತಿ ಇರುವುದು ಲೇಬಲ್ಲಿನ ಕೆಳಗೇ. ಅದಕ್ಕೆ ಅಪಾಯ ಮೇಲಿನಿಂದ. ಬಾಲ್‌ಪೆನ್ನಿನಿಂದ ಅದರ ಮೇಲೆ ಪ್ರಸಂಗದ ಹೆಸರು ಬರೆಯಬೇಡಿ. ಡಿವಿಡಿಗೆ ಸ್ಟಿಕ್ಕರ್ ಹಚ್ಚಬೇಡಿ, ತಿರುಗುವಾಗ ತೂಕ ತಪ್ಪುತ್ತದೆ. ಬ್ಲೂ-ರೇಯ ಮೇಲೆ ಗಟ್ಟಿ ಲೇಪ ಇದ್ದರೂ ಪದರ ತೀರಾ ಮೇಲಿರುವುದರಿಂದ ಆಳದ ಗೀರು ಬಿದ್ದರೆ ಮುಗಿಯಿತು, ಡಿವಿಡಿಯ ಹಾಗೆ ಉಜ್ಜಿ ಸರಿಮಾಡಲು ಬರುವುದಿಲ್ಲ. ಪ್ಲೇಯರನ್ನು ಎಸಿ ಕೋಣೆಯಿಂದ ಹಾಲ್‌ಗೆ ತಂದ ಕೂಡಲೇ ಆನ್ ಮಾಡಬೇಡಿ. ಲೆನ್ಸಿನ ಮೇಲೆ ಹನಿ ಕೂತಿರುತ್ತದೆ, ಒಂದು ಗಂಟೆಯಾದರೂ ಬಿಡಿ.

ಈಗ ಮೊದಲು ಬೇರೆಯಾಗಿಟ್ಟ ಮದುವೆಯ, ಉಪನಯನದ, ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ನೇರಳೆ ಡಿಸ್ಕುಗಳು. ಅಚ್ಚಿನ ಡಿವಿಡಿಯಲ್ಲಿ ಮಾಹಿತಿ ಗುಳಿಗಳಾಗಿ ಒತ್ತಿರುತ್ತದೆ. ಇವುಗಳಲ್ಲಿ ಹಾಗಲ್ಲ, ಬಣ್ಣದ ಪದರವನ್ನು ಲೇಸರ್ ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತದೆ. ಹೊರಗಿನಿಂದ ಒಂದು ಗೀರೂ ಇಲ್ಲದ ಡಿಸ್ಕು ಒಳಗೆ ಓದಲಾಗದಂತಾಗಿರಬಹುದು. ಸಿನಿಮಾ ಡಿವಿಡಿ ಹೋದರೆ ಇನ್ನೊಂದು ಸಿಗುತ್ತದೆ, ಇದು ಹೋದರೆ ಮತ್ತೆ ಎಲ್ಲಿಂದ ತರುತ್ತೀರಿ?

ಅದಕ್ಕೇ ಇವುಗಳನ್ನು ಪ್ಲೇಯರಿಗೆ ಕಾಯದೆ ಈ ವಾರವೇ ಕಾಪಿ ಮಾಡಿ. ಯುಎಸ್‌ಬಿ ಡಿವಿಡಿ ಡ್ರೈವ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಡಿಸ್ಕಿನ ಒಳಗಿನ ಇಡೀ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಎಳೆಯಿರಿ. ಒಂದು ಡ್ರೈವ್ ಓದದಿದ್ದರೆ ಇನ್ನೊಂದು ಕಂಪನಿಯ ಡ್ರೈವ್‌ನಲ್ಲಿ ಪ್ರಯತ್ನಿಸಿ. ಒಂದು ಓದದ್ದನ್ನು ಇನ್ನೊಂದು ಓದುವುದು ಸಾಮಾನ್ಯ. ಕಾಪಿಯಾದ ಮೇಲೆ ಮಧ್ಯಕ್ಕೆ, ಕೊನೆಗೆ ಹಾರಿ ನೋಡಿ ಖಾತ್ರಿ ಮಾಡಿಕೊಳ್ಳಿ. ಎರಡು ಕಾಪಿ ಬೇರೆ ಬೇರೆ ಮನೆಯಲ್ಲಿ ಇರಲಿ, ಒಂದು ಮುಂಬೈಯಲ್ಲಿ, ಒಂದು ಊರಿನಲ್ಲಿ. ಮತ್ತೆ ಡಿಸ್ಕಿನಲ್ಲೇ ಇಡಬೇಕೆಂದರೆ ಎಂ-ಡಿಸ್ಕ್ ಎನ್ನುವ ಬರೆಯುವ ಬ್ಲೂ-ರೇ ಹುಡುಕಿ. ಹೆಚ್ಚು ಕಾಲ ಬಾಳಲೆಂದೇ ಮಾಡಿದ್ದು ಅದು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಮಾಡುವುದನ್ನು ನಿಲ್ಲಿಸಿದೆ. ಹಾಗಾಗಿ ಬೇಕಾದ ಖಾಲಿ ಡಿಸ್ಕುಗಳನ್ನು ಒಟ್ಟಿಗೇ ತಂದಿಟ್ಟುಕೊಳ್ಳಿ.